ಮಗ್ಗುಲು ಬದಲಿಸುವವರು

ಚಾಮರಾಜಪೇಟೆಯ ಹಳೆಯ ಆಸ್ಪತ್ರೆಯೊಂದರಲ್ಲಿ ನಾನು ಮೇಲಿನ ವಾರ್ಡಿನ ಸಿಸ್ಟರ್ ಆಗಿದ್ದೆ. ಒಂದು ದಿನ ಬೆಳಗಿನ ರೌಂಡ್ಸ್ ಮುಗಿಸಿ ಕೈ ತೊಳೆಯುತ್ತಿದ್ದ ನಮ್ಮ ಡಾಕ್ಟರಮ್ಮ, ನಲ್ಲಿ ನಿಲ್ಲಿಸುತ್ತಲೇ, "ಸಿಸ್ಟರ್, ನೀವು ಬರೀತೀರಾ?" ಅಂತ ಕೇಳಿದರು.

"ಚಾರ್ಟ್ ಎಲ್ಲಾ ಆಗಲೇ ಬರ್ದಾಯ್ತಲ್ಲ ಮೇಡಂ," ಅಂದೆ.

"ಚಾರ್ಟ್ ಅಲ್ಲಾರೀ. ಪೇಪರ್. ರಿಸರ್ಚ್ ಪೇಪರ್. ನಾನು, ನೀವು, ನಮ್ಮ ಫಿಸಿಯೋ ಹುಡುಗ, ಆಮೇಲೆ ನನಗೆ ಪರಿಚಯದ ಮೇಷ್ಟ್ರು ಒಬ್ರಿದಾರೆ, ಸ್ಟ್ಯಾಟಿಸ್ಟಿಕ್ಸು. ಶನಿವಾರ ಮಧ್ಯಾಹ್ನ ಬಸವನಗುಡಿಗೆ ಬನ್ನಿ, ನಮ್ಮನೆಗೆ."

ಅವರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ನಾನು ಹುಟ್ಟಿ ಬೆಳೆದದ್ದು ಆಸ್ಪತ್ರೆಯಿಂದ ಎರಡು ಕ್ರಾಸ್ ಆಚೆಗಿನ ವಠಾರದಲ್ಲಿ. ಮಾಗಡಿ ಕಡೆಯ ಹಳ್ಳಿಯಿಂದ ಬಂದ ನಮ್ಮಪ್ಪ ಇಲ್ಲಿ ಟಿಂಬರ್ ಡಿಪೋದಲ್ಲಿ ಕೆಲಸಕ್ಕಿದ್ದರು. ಮಗಳು ನರ್ಸಿಂಗ್ ಸೇರುತ್ತಾಳೆ ಅಂದಾಗ ನೆಂಟರಿಷ್ಟರೆಲ್ಲ ಬೇಡ ಅಂದರೂ ಅವರೊಬ್ಬರು ಸೇರಿಸಿದರು. ಕೆಲಸ ಕಲಿತೆ, ಕೆಲಸ ಮಾಡಿದೆ, ವಾರ್ಡಿನ ಜವಾಬ್ದಾರಿ ಸಿಕ್ಕಿತು. ಆದರೆ ಬರೆಯುವುದು ಅಂದರೆ ನನ್ನ ಪಾಲಿಗೆ ಡ್ಯೂಟಿ ಬದಲಾಗುವಾಗ ಬರೆಯುವ ನಾಲ್ಕು ಸಾಲು: ರೋಗಿ ನೆಮ್ಮದಿಯಾಗಿದ್ದಾರೆ, ಊಟ ಮಾಡಿದರು, ಜ್ವರ ಇಲ್ಲ. ಪೇಪರು ಗೀಪರು ಡಾಕ್ಟರುಗಳ ವಿಷಯ.

"ಯಾವುದ್ರ ಮೇಲೆ ಮೇಡಂ ಪೇಪರ್ರು?" ಅಂತ ಕೇಳಿದೆ.

"ನಿಮ್ಮ ಪಾಠದ ಮೇಲೆ," ಅಂದರು.

ನನ್ನ ಪಾಠ ಅಂದರೆ ಏನು ಅಂತ ಹೇಳಬೇಕು. ಸ್ಟ್ರೋಕ್ ಹೊಡೆದು ಮೈಯ ಒಂದು ಕಡೆ ಬಿದ್ದುಹೋದವರನ್ನು ಮನೆಗೆ ಕಳಿಸುವ ದಿನ ನಾನು ಅವರ ಮನೆಯವರನ್ನು ಹಾಸಿಗೆಯ ಹತ್ತಿರ ಕರೆದು, ಪರದೆ ಎಳೆದು, ಮಗ್ಗುಲು ಬದಲಿಸುವುದನ್ನು ಕಲಿಸುತ್ತಿದ್ದೆ. ಮೊಣಕಾಲು ಮಡಿಸುವುದು, ಒಂದು ಕೈ ಭುಜದ ಹಿಂದೆ, ಇನ್ನೊಂದು ಸೊಂಟದ ಹಿಂದೆ ಇಟ್ಟು ಇಡೀ ಮೈಯನ್ನು ಒಟ್ಟಿಗೆ ಹೊರಳಿಸುವುದು, ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಒಂದು. ಹಾಗೆ ಮಾಡದಿದ್ದರೆ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿ, ಆಮೇಲೆ ಹುಣ್ಣಾಗಿ, ತಿಂಗಳುಗಟ್ಟಲೆ ಮಾಯುವುದಿಲ್ಲ. ಈ ಪಾಠವನ್ನು ಯಾರೂ ನನಗೆ ಹೇಳಿಕೊಟ್ಟು ಮಾಡಿಸಿದ್ದಲ್ಲ. ನಾನೇ ಶುರುಮಾಡಿಕೊಂಡದ್ದು. ಕೆಳಗಿನ ವಾರ್ಡಿನಲ್ಲಿ ಒಂದು ಅಚ್ಚು ಹಾಕಿಸಿದ ಹಾಳೆ ಕೊಟ್ಟು ಕಳಿಸುತ್ತಿದ್ದರು, ಅಷ್ಟೇ. ನನ್ನ ವಾರ್ಡಿನಿಂದ ಹೋದವರ ಮೈಯಲ್ಲಿ ಹುಣ್ಣಾಗುವುದಿಲ್ಲ ಅಂತ ನನಗೆ ಗಟ್ಟಿ ನಂಬಿಕೆ ಇತ್ತು. ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

"ಪಾಠ ಚೆನ್ನಾಗಿದೆ. ಆದ್ರೆ ಮನೆಗೆ ಹೋದ್ಮೇಲೆ ಏನಾಗುತ್ತೆ ಅಂತ ನೀವೂ ನೋಡಿಲ್ಲ, ನಾನೂ ನೋಡಿಲ್ಲ. ನೋಡೋಣ ಬನ್ನಿ," ಅಂದರು ಡಾಕ್ಟರಮ್ಮ.

*

ಡಾಕ್ಟರಮ್ಮನ ಮನೆ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿತ್ತು. ಅವರು ಮದುವೆಯಾಗಿರಲಿಲ್ಲ. ಮನೆ ತುಂಬ ಪುಸ್ತಕ, ಎರಡು ಬೆಕ್ಕು, ಅಡುಗೆಮನೆಗೆ ಅಂಟಿಕೊಂಡ ಹಾಗೆ ಒಂದು ಉದ್ದನೆಯ ಊಟದ ಮೇಜು. ಆ ಮೇಜೇ ನಮ್ಮ ಆಫೀಸು. ಅದರ ಮೇಲೆ ಹಣ್ಣಿನ ಚಿತ್ರವಿದ್ದ ಪ್ಲಾಸ್ಟಿಕ್ ಹಾಸು. ನಾನು ಕೂರುತ್ತಿದ್ದ ಮೂಲೆಯಲ್ಲಿ ದ್ರಾಕ್ಷಿ ಗೊಂಚಲೊಂದು ಅರ್ಧ ಅಳಿಸಿಹೋಗಿತ್ತು. ಶನಿವಾರ ಮಧ್ಯಾಹ್ನದ ಡ್ಯೂಟಿ ಬದಲಾದ ಮೇಲೆ ಸೀರೆ ಬದಲಿಸಿ ನಡೆದೇ ಹೋಗುತ್ತಿದ್ದೆ. ಬಜಾರಿನಲ್ಲಿ ಹೂವಿನವರು ಸಂಜೆ ವ್ಯಾಪಾರಕ್ಕೆ ಬುಟ್ಟಿ ಬಿಚ್ಚುವ ಹೊತ್ತು ಅದು. ಒದ್ದೆ ಗೋಣಿಯ ವಾಸನೆ, ಸೇವಂತಿಗೆ ವಾಸನೆ, ಯಾವುದೋ ಅಂಗಡಿಯಲ್ಲಿ ಕಾಫಿ ಬೀಜ ಹುರಿಯುವ ವಾಸನೆ. ಈಗಲೂ ಆ ಬೀದಿಯಲ್ಲಿ ಹಾದುಹೋದರೆ ಕೈಯಲ್ಲೊಂದು ಫೈಲ್ ಇರಬೇಕಿತ್ತಲ್ಲ ಅನ್ನಿಸಿಬಿಡುತ್ತದೆ.

ಮೇಷ್ಟ್ರು ಮಲ್ಲೇಶ್ವರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಶೇಷಾದ್ರಿಪುರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಹೇಳಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ, ಮಳೆಯಿರಲಿ ಬಿಡಲಿ ಒಂದು ಛತ್ರಿ, ಜೇಬಿನಲ್ಲಿ ಚೂಪು ಮಾಡಿದ ಪೆನ್ಸಿಲ್. ಫಿಸಿಯೋಥೆರಪಿಸ್ಟ್ ಶ್ರೀರಾಂಪುರದ ಹುಡುಗ. ಹುಡುಗ ಅಂದರೆ ಆಗಲೇ ಮದುವೆಯಾಗಿ ಮಗಳಿದ್ದವನು, ಆದರೆ ನಮ್ಮ ಮೂವರಿಗೂ ಹುಡುಗನೇ. ಸ್ಕೂಟರಿನಲ್ಲಿ ಬಂದು ಹೆಲ್ಮೆಟ್ ತೆಗೆಯುವ ಮುಂಚೆಯೇ ಮಾತು ಶುರುಮಾಡುತ್ತಿದ್ದ. ನನ್ನನ್ನು ಅಕ್ಕ ಅನ್ನುತ್ತಿದ್ದ.

ಮೊದಲ ಶನಿವಾರವೇ ಮೇಷ್ಟ್ರು ನನ್ನನ್ನು ತಡೆದರು. ಕೆಳಗಿನ ವಾರ್ಡಿನಿಂದ ಹೋದವರನ್ನೂ ಮೇಲಿನ ವಾರ್ಡಿನಿಂದ ಹೋದವರನ್ನೂ ಅವರವರ ಮನೆಗೆ ಹೋಗಿ ನೋಡುವುದು, ಯಾರಿಗೆ ಹುಣ್ಣಾಗಿದೆ, ಯಾರಿಗಿಲ್ಲ ಅಂತ ಹೋಲಿಸುವುದು, ಇದು ಯೋಜನೆ. ಎರಡು ವಾರ್ಡಿನಲ್ಲೂ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ಒಂದೇ ಬಗೆಯ ಕಾಯಿಲೆಯವರು. ಎರಡೂ ಕಡೆಯ ಮನೆಗಳಿಗೆ ನಾನೇ ಹೋಗಿಬರುತ್ತೇನೆ ಅಂದೆ.

"ನೀವು ಹೋಗೋ ಹಾಗಿಲ್ಲಮ್ಮ," ಅಂದರು ಮೇಷ್ಟ್ರು. "ನೀವು ಪಾಠ ಹೇಳಿದೋರ ಮನೆಗೆ ನೀವೇ ಪರೀಕ್ಷೆ ಮಾಡಕ್ಕೆ ಹೋದ್ರೆ, ಕೆಂಪಾಗಿರೋ ಜಾಗ ನಿಮ್ಮ ಕಣ್ಣಿಗೆ ಕೆಂಪಾಗಿ ಕಾಣಲ್ಲ."

"ನಾನು ಸುಳ್ಳು ಬರೀತೀನಾ ಸಾರ್?"

"ಛೆ ಛೆ. ನಾನಾದ್ರೂ ಅಷ್ಟೇ ಅಮ್ಮ. ಯಾರಾದ್ರೂ ಅಷ್ಟೇ."

ನನಗೆ ಸಿಟ್ಟು ಬಂತು. ಡಾಕ್ಟರಮ್ಮ ಕೋಡುಬಳೆ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಕೊನೆಗೆ ಮನೆಗಳಿಗೆ ಹೋಗುವ ಕೆಲಸ ಫಿಸಿಯೋಗೆ ಮತ್ತು ಹೊರಗಿನ ಇನ್ನೊಬ್ಬ ನರ್ಸಿಗೆ ಬಿತ್ತು. ಯಾವ ಮನೆ ಯಾವ ವಾರ್ಡಿನದು ಅಂತ ಅವರಿಗೂ ಹೇಳುತ್ತಿರಲಿಲ್ಲ. ನನಗೆ ಉಳಿದದ್ದು ವಾರ್ಡಿನಲ್ಲಿ ಪಾಠ, ಶನಿವಾರ ಬರವಣಿಗೆ.

ಬರವಣಿಗೆಯ ಆ ಮಧ್ಯಾಹ್ನಗಳೇ ನನಗೆ ಹೆಚ್ಚು ನೆನಪಾಗುವುದು. ಕಂಪ್ಯೂಟರಿನಲ್ಲಿ ನಾಲ್ವರಿಗೂ ಸೇರಿದ ಒಂದೇ ಕಡತ. ಯಾರು ಏನು ತಿದ್ದಿದರೂ ಅವರವರ ಬಣ್ಣದಲ್ಲಿ ಕಾಣುತ್ತಿತ್ತು. ಡಾಕ್ಟರಮ್ಮನದು ಕೆಂಪು, ಫಿಸಿಯೋದು ಹಸಿರು, ನನ್ನದು ನೀಲಿ. ಮೇಷ್ಟ್ರು ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಅವರಿಗೆ ಪ್ರಿಂಟ್ ತೆಗೆದು ಕೊಡಬೇಕು, ಅವರು ಪೆನ್ಸಿಲಿನಲ್ಲಿ ಅಂಚಿನಲ್ಲಿ ಸಣ್ಣಗೆ ಬರೆಯಬೇಕು, ಅದನ್ನು ನಾನು ನೋಡಿ ಟೈಪ್ ಮಾಡಬೇಕು. ಹಾಗಾಗಿ ಅವರ ಮಾತೂ ನನ್ನ ನೀಲಿ ಬಣ್ಣದಲ್ಲೇ ಇರುತ್ತಿತ್ತು. ಇದು ನೀವು ಹೇಳಿದ್ದೋ ಮೇಷ್ಟ್ರು ಹೇಳಿದ್ದೋ ಅಂತ ಡಾಕ್ಟರಮ್ಮ ಕೇಳುತ್ತಿದ್ದರು.

ನನ್ನ ಇಂಗ್ಲಿಷು ನರ್ಸಿಂಗ್ ಸ್ಕೂಲಿನ ಇಂಗ್ಲಿಷು. ಸಾಲು ಅಂದರೆ ನಾಲ್ಕೈದು ಪದ, ಮುಗಿಯಿತು. ಫಿಸಿಯೋ ಬರೆದರೆ ಅವನು ಮಾತಾಡಿದ ಹಾಗೇ, ಒಂದು ವಾಕ್ಯ ಮುಗಿಯುವಷ್ಟರಲ್ಲಿ ಪುಟ ತಿರುಗುತ್ತಿತ್ತು. ಡಾಕ್ಟರಮ್ಮನದು ದೊಡ್ಡ ದೊಡ್ಡ ಪದಗಳ ಗಂಭೀರ ಗದ್ಯ. ನಾಲ್ಕು ಜನ ಕೂತು ಒಂದು ಪ್ಯಾರಾ ಬರೆಯುವುದು ಅಂದರೆ ನಾಲ್ಕು ಮನೆಯವರು ಸೇರಿ ಒಂದು ಪಾತ್ರೆಯಲ್ಲಿ ಹುಳಿ ಮಾಡಿದ ಹಾಗೆ. ಒಬ್ಬರಿಗೆ ಬೆಲ್ಲ ಬೇಕು, ಒಬ್ಬರಿಗೆ ಬೇಡ. ಒಂದು ಪದಕ್ಕಾಗಿ ಇಡೀ ಮಧ್ಯಾಹ್ನ ಕಳೆದದ್ದುಂಟು. ಆದರೆ ಅಲ್ಲಿ ಯಾರೂ ನನ್ನ ವಾಕ್ಯವನ್ನು ನಗುತ್ತ ಹೊಡೆದುಹಾಕಲಿಲ್ಲ. ಯಾಕೆ ತೆಗೆಯಬೇಕು ಅಂತ ಹೇಳಿ, ನಾನು ಸರಿ ಅಂದ ಮೇಲೆ ತೆಗೆಯುತ್ತಿದ್ದರು. ವಾರ್ಡಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದರೂ ಡಾಕ್ಟರೊಬ್ಬರು ನನ್ನ ಒಪ್ಪಿಗೆಗೆ ಕಾದದ್ದು ಆ ಮೇಜಿನ ಮುಂದೆಯೇ ಮೊದಲು.

"ನಿಮ್ಮ ಸಣ್ಣ ಸಾಲು ಬಿಡಬೇಡಿ ಅಮ್ಮ," ಅಂತ ಮೇಷ್ಟ್ರು ಒಮ್ಮೆ ಹೇಳಿದರು. "ಓದೋರಿಗೆ ಉಸಿರಾಡಕ್ಕೆ ಜಾಗ ಸಿಗುತ್ತೆ."

ಅವತ್ತು ಮನೆಗೆ ಹೋಗಿ ಯಜಮಾನರಿಗೆ ಇದನ್ನು ಹೇಳಿದೆ. ಬಸ್ ಡಿಪೋದ ಕೆಲಸ ಮುಗಿಸಿ ಬಂದು ಕಾಲು ನೀಡಿ ಕೂತಿದ್ದ ಅವರು, "ಮನೇಲಿ ಮಾತ್ರ ನಿಂದು ಉದ್ದ ಸಾಲೇ," ಅಂದರು.

*

ಮನೆ ಭೇಟಿಗಳೆಲ್ಲ ಮುಗಿದವು. ಲೆಕ್ಕ ಹಾಕಲು ಮೇಷ್ಟ್ರು ಕೆಲವು ವಾರ ತೆಗೆದುಕೊಂಡರು. ಒಂದು ಶನಿವಾರ ಬಂದವರು ಛತ್ರಿಯನ್ನು ಮೂಲೆಗಿಟ್ಟು ಕೂರದೇ ನಿಂತರು. ಡಾಕ್ಟರಮ್ಮ ಕಾಫಿ ಸೋಸುತ್ತಿದ್ದರು. ಫಿಸಿಯೋ ಬೆಕ್ಕಿನ ಜೊತೆ ಆಡುತ್ತಿದ್ದ.

"ಅಮ್ಮ, ನಿಮ್ಮ ವಾರ್ಡಿನೋರಿಗೂ ಕೆಳಗಿನ ವಾರ್ಡಿನೋರಿಗೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇಲ್ಲ," ಅಂದರು.

ನನಗೆ ಅರ್ಥವಾಗಲಿಲ್ಲ. "ಅಂದ್ರೆ ಸಾರ್?"

"ಅಲ್ಲೂ ಹುಣ್ಣಾಗಿದೆ, ಇಲ್ಲೂ ಆಗಿದೆ. ಹೆಚ್ಚೂಕಮ್ಮಿ ಒಂದೇ. ಪಾಠದಿಂದ ಏನೂ ಬದಲಾಗಿಲ್ಲ."

ಡಾಕ್ಟರಮ್ಮ ಕಾಫಿ ಲೋಟ ತಂದು ನನ್ನ ಮುಂದಿಟ್ಟು ಹೆಗಲ ಮೇಲೆ ಕೈ ಇಟ್ಟರು. ಆ ಕೈ ನನಗೆ ಇನ್ನಷ್ಟು ಕಷ್ಟ ಮಾಡಿತು. ನಾನು ಪರದೆ ಎಳೆದು, ಬೆವರು ಸುರಿಸಿ, ಮತ್ತೆ ಮತ್ತೆ ಮಾಡಿ ತೋರಿಸಿದ ಅಷ್ಟೂ ಜನರ ಮುಖ ಕಣ್ಣ ಮುಂದೆ ಬಂತು. ತಲೆಯಾಡಿಸುತ್ತಿದ್ದರಲ್ಲ ಅವರು. ಅರ್ಥವಾಯಿತು ಸಿಸ್ಟರ್ ಅನ್ನುತ್ತಿದ್ದರಲ್ಲ. ಕಾಫಿಯನ್ನು ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ತಲೆನೋವು ಅಂತ ಹೇಳಿ ಎದ್ದು ಬಂದೆ.

ಮುಂದಿನ ಶನಿವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಹುಷಾರಿಲ್ಲ ಅಂತ ಮೆಸೇಜ್ ಹಾಕಿದೆ. ವಾರ್ಡಿನಲ್ಲಿ ಡಿಸ್ಚಾರ್ಜ್ ದಿನ ಬಂದರೆ ಪರದೆ ಎಳೆಯಲು ಕೈ ಏಳುತ್ತಿರಲಿಲ್ಲ. ಕಲಿಸುತ್ತ ಕಲಿಸುತ್ತ ನಡುವೆ ನಿಂತುಬಿಡುತ್ತಿದ್ದೆ. ರೌಂಡ್ಸಿನಲ್ಲಿ ಡಾಕ್ಟರಮ್ಮ ಎಂದಿನ ಹಾಗೆ ಮಾತಾಡಿಸುತ್ತಿದ್ದರು, ಶನಿವಾರದ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಫಿಸಿಯೋ ನಮ್ಮ ಮನೆಗೇ ಬಂದ. ನಾನು ಇಡ್ಲಿ ಬಡಿಸಿದೆ. ತಿಂದು ಕೈ ತೊಳೆದು ಬಂದು ನನ್ನೆದುರು ಕೂತ.

"ಅಕ್ಕಾ, ನೀವು ಸಿಟ್ಟು ಮಾಡ್ಕೊಂಡು ಕೂತ್ರೆ ನಮ್ಮ ಪೇಪರ್ ಹಂಗೇ ಬಿದ್ದಿರುತ್ತೆ."

"ಬಿದ್ದಿರ್ಲಿ ಬಿಡೋ. ಏನೂ ಆಗ್ಲಿಲ್ಲ ಅಂತ ಯಾರು ಓದ್ತಾರೆ?"

"ಮೇಷ್ಟ್ರು ಒಂದು ಮಾತು ಹೇಳಿ ಕಳ್ಸಿದಾರೆ. ಉತ್ತರ ಬಂದಿದೆ, ಕಾರಣ ಬಂದಿಲ್ಲ ಅಂತೆ. ಎಣಿಕೆ ಮುಗೀತಲ್ಲ, ಇನ್ನು ನೀವು ಯಾರ ಮನೆಗೆ ಹೋದ್ರೂ ಅವ್ರ ಅಭ್ಯಂತರ ಇಲ್ವಂತೆ. ಗವಿಪುರದಲ್ಲಿ ಒಬ್ರಿದಾರೆ, ನಿಮ್ಮ ವಾರ್ಡಿನೋರೇ. ಹೋಗೋಣ, ಬನ್ನಿ. ಆಗಲೇ ಫೋನ್ ಮಾಡಿ ಕೇಳಿದೀನಿ."

ಆ ಮನೆ ಗುಹಾಲಯದ ಕೆಳಗಿನ ಗಲ್ಲಿಯಲ್ಲಿತ್ತು. ಭಾನುವಾರವಾದ್ದರಿಂದ ಗುಡಿಯ ಕಡೆ ಜನ, ಗಲ್ಲಿಯ ತುಂಬ ಸ್ಕೂಟರುಗಳು. ಬಾಗಿಲು ತೆಗೆದವರು ಅರವತ್ತು ದಾಟಿದ ಹೆಂಗಸು, ತೆಳ್ಳಗಿನ ಮೈ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಫಿಸಿಯೋನ ಗುರುತು ಹಿಡಿದರು. ನನ್ನನ್ನು ನೋಡಿ, "ನೀವು?" ಅಂದರು.

"ಆಸ್ಪತ್ರೆಯಿಂದ ಅಮ್ಮ. ಡಿಸ್ಚಾರ್ಜ್ ದಿನ ಮಗ್ಗುಲು ಬದಲಿಸೋದು ಹೇಳ್ಕೊಟ್ಟಿದ್ದು ನಾನೇ."

"ನನಗಾ? ಇಲ್ವಲ್ಲ. ನಿಮ್ಮನ್ನ ನಾನು ನೋಡೇ ಇಲ್ಲ."

ನಾನು ಫಿಸಿಯೋನ ಮುಖ ನೋಡಿದೆ.

"ನನ್ನ ಮಗನಿಗೆ ಹೇಳ್ಕೊಟ್ಟಿರ್ಬೇಕು," ಅಂದರು ಆಕೆ. "ಅವತ್ತು ಅವನೇ ಹೋಗಿದ್ದು ಕರ್ಕೊಂಡು ಬರಕ್ಕೆ. ನಾನು ಇಲ್ಲಿ ಮಂಚ ಸರಿ ಮಾಡ್ತಿದ್ದೆ, ಇವ್ರು ಬರ್ತಾರಲ್ಲಾ ಅಂತ. ಮಗ ಬೆಳಿಗ್ಗೆ ಅಂಗಡಿಗೆ ಹೋದ್ರೆ ರಾತ್ರಿ ಊಟಕ್ಕೇ ಬರೋದು. ಆಗಾಗ ತಿರುಗಿಸ್ತಿರ್ಬೇಕಂತೆ ಅಮ್ಮಾ ಅಂದ. ಹೆಂಗೋ ಅಂದೆ. ಮೆಲ್ಲಗೆ ಅಂದ."

ಮಾತಿನಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ಹೇಳಿದರು, ಅಷ್ಟೇ. ಒಳಗೆ ಕರೆದುಕೊಂಡು ಹೋದರು. ಅವರ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ವಾರ್ಡಿನಲ್ಲಿದ್ದಾಗಿನ ಮುಖ ನೆನಪಾಯಿತು. ಈಗ ಕೆನ್ನೆ ಇಳಿದಿತ್ತು. ನೀವು ಹೇಗೆ ತಿರುಗಿಸುತ್ತೀರಿ ತೋರಿಸಿ ಅಂದೆ. ಆಕೆ ಮಂಚದ ಪಕ್ಕ ನಿಂತು, ಸತ್ವವಿಲ್ಲದ ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಕಡೆಗೆ ಎಳೆದರು. ಫಿಸಿಯೋ, "ಅಮ್ಮಾ, ಅಮ್ಮಾ, ತೋಳು ಎಳೀಬೇಡಿ, ಭುಜ ಜಾರುತ್ತೆ," ಅಂತ ಮುಂದೆ ಬಂದ. ಬೆನ್ನಿನ ಕೆಳಗೆ ಅಂಗೈಯಗಲದ ಗಾಯವಿತ್ತು. ಆಕೆ ಅದಕ್ಕೆ ತಪ್ಪದೆ ಮುಲಾಮು ಹಚ್ಚುತ್ತಿದ್ದರು. ಹಾಸಿಗೆ ಚೊಕ್ಕಟವಾಗಿತ್ತು. ತಲೆ ಬಾಚಿ, ಗಡ್ಡ ತೆಗೆಸಿ, ಹಣೆಗೆ ವಿಭೂತಿ ಇಟ್ಟಿದ್ದರು. ಮಾಡುವ ಮನಸ್ಸಿಗೆ ಅಲ್ಲಿ ಯಾವ ಕೊರತೆಯೂ ಇರಲಿಲ್ಲ.

ನಾನು ಸೆರಗು ಸಿಕ್ಕಿಸಿಕೊಂಡೆ. ಫಿಸಿಯೋ ಆ ಕಡೆ, ನಾನು ಈ ಕಡೆ. ಮೊಣಕಾಲು ಮಡಿಸಿದೆ, ಆಕೆಯ ಒಂದು ಕೈಯನ್ನು ಭುಜದ ಹಿಂದಿಟ್ಟೆ, ಇನ್ನೊಂದನ್ನು ಸೊಂಟದ ಹಿಂದೆ. "ಎಳೀಬೇಡಿ. ನಿಮ್ಮ ಮೈ ಹಿಂದಕ್ಕೆ ವಾಲಿಸಿ, ಅವ್ರು ತಾವೇ ಬರ್ತಾರೆ," ಅಂದೆ. ಮೊದಲ ಸಲ ಬರಲಿಲ್ಲ. ಮತ್ತೆ ಮಾಡಿಸಿದೆವು. ಇನ್ನೊಮ್ಮೆ ಮಾಡಿದಾಗ ಅಷ್ಟು ಎತ್ತರದ ಆ ಮನುಷ್ಯ ಬಾಗಿಲು ತೆರೆದ ಹಾಗೆ ಹಗುರವಾಗಿ ಆಕೆಯ ಕಡೆ ಹೊರಳಿದರು. ಗಂಡ ಹೆಂಡತಿ ಮುಖಾಮುಖಿಯಾದರು. ಗಂಡನಿಗೆ ಮಾತು ಹೋಗಿತ್ತು. ಗಂಟಲಲ್ಲೇ ಏನೋ ಸದ್ದು ಮಾಡಿದರು.

"ಇಷ್ಟೇನಾ?" ಅಂದರು ಆಕೆ. ಆಮೇಲೆ ಗಂಡನ ಬೆನ್ನಿಗೆ ದಿಂಬು ಸೇರಿಸುತ್ತ, "ಅವತ್ತೇ ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ," ಅಂದರು.

ಗಲ್ಲಿಗೆ ಇಳಿದ ಮೇಲೆ ಫಿಸಿಯೋ ಸ್ಕೂಟರ್ ಸ್ಟಾರ್ಟ್ ಮಾಡಲಿಲ್ಲ. ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. "ಅಕ್ಕಾ, ನಾನು ಈ ಮನೆಗೆ ಮುಂಚೆ ಬಂದಿದ್ನಲ್ಲ, ಗಾಯ ನೋಡ್ಕೊಂಡು ಹೋದೆ. ನಿಮಗೆ ಯಾರು ಕಲಿಸಿದ್ರು ಅಂತ ಆ ಅಮ್ಮನ್ನ ಒಂದ್ಮಾತು ಕೇಳ್ಲಿಲ್ಲ ನೋಡಿ."

"ನಾವು ಯಾರೂ ಆ ಪ್ರಶ್ನೆ ಬರ್ದಿರ್ಲೇ ಇಲ್ವಲ್ಲೋ," ಅಂದೆ.

ಮುಂದಿನ ವಾರಗಳಲ್ಲಿ ನಾವಿಬ್ಬರೂ ಇನ್ನಷ್ಟು ಮನೆಗಳಿಗೆ ಹೋದೆವು. ಶ್ರೀರಾಂಪುರದ ಒಂದು ಮನೆಯಲ್ಲಿ ನಾನು ಕಲಿಸಿದ್ದು ಅಳಿಯನಿಗೆ, ತಿರುಗಿಸುತ್ತಿದ್ದದ್ದು ಮಗಳು. ಚಾಮರಾಜಪೇಟೆಯಲ್ಲೇ ಒಂದು ಕಡೆ ಕಲಿತವನು ಮೈದುನ, ನೋಡಿಕೊಳ್ಳುತ್ತಿದ್ದದ್ದು ದಿನಕ್ಕೆರಡು ಸಲ ಬಂದುಹೋಗುವ ಕೆಲಸದಾಕೆ. ಒಂದೇ ಒಂದು ಮನೆಯಲ್ಲಿ ಕಲಿತವರೂ ಮಾಡುವವರೂ ಒಬ್ಬರೇ ಆಗಿದ್ದರು. ನಿವೃತ್ತ ತಂದೆ, ಮಲಗಿದ್ದವಳು ಮಗಳು. ಆ ಮಗಳ ಬೆನ್ನು ಶುಭ್ರವಾಗಿತ್ತು. ಆ ಮನೆಯಿಂದ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ನಾನು ಸ್ವಲ್ಪ ಅತ್ತೆ. ಸಮಾಧಾನವೋ ಸಂಕಟವೋ ಗೊತ್ತಿಲ್ಲ. ಫಿಸಿಯೋ ಎಳನೀರು ಕೊಡಿಸಿದ.

*

ಮತ್ತೆ ಶನಿವಾರ ಬಸವನಗುಡಿಗೆ ಹೋದೆ. ಡಾಕ್ಟರಮ್ಮ, ಯಾಕೆ ಬರಲಿಲ್ಲ ಅಂತ ಕೇಳದೆ ಕುರ್ಚಿ ಎಳೆದುಕೊಟ್ಟರು. ನಾವು ನೋಡಿದ್ದನ್ನೆಲ್ಲ ಹೇಳಿದೆವು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು.

ಪೇಪರಿನಲ್ಲಿ ನಾವು ಉದ್ದಕ್ಕೂ ಒಂದು ಪದ ಬಳಸಿದ್ದೆವು: ಕೇರ್‌ಗಿವರ್, ಅಂದರೆ ರೋಗಿಯನ್ನು ನೋಡಿಕೊಳ್ಳುವವರು. ಎಲ್ಲ ಪೇಪರುಗಳಲ್ಲೂ ಅದೇ ಪದ. ಕೇಳಿದರೆ ಒಬ್ಬರೇ ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಆಸ್ಪತ್ರೆಗೆ ಓಡಾಡುವವರು ಒಬ್ಬರು, ಔಷಧಿ ತರುವವರು ಒಬ್ಬರು, ಹಾಸಿಗೆಯ ಪಕ್ಕ ನಿಲ್ಲುವವರು ಇನ್ನೊಬ್ಬರು. ಆ ಒಂದು ಪದವನ್ನು ಒಡೆದು ಬರೆಯಲು ನಮಗೆ ಹಲವು ಶನಿವಾರ ಹಿಡಿಯಿತು.

ಜಗಳವಾದದ್ದು ಕೊನೆಯ ಭಾಗಕ್ಕೆ. ಡಾಕ್ಟರಮ್ಮ ಕೆಂಪಿನಲ್ಲಿ ಒಂದು ವಾಕ್ಯ ಬರೆದಿದ್ದರು. ಇಂಥ ತರಬೇತಿಯ ಪ್ರಯೋಜನ ಕಾಣಲು ಇನ್ನೂ ಹೆಚ್ಚು ಕಾಲ ಬೇಕಾಗಬಹುದು ಅನ್ನುವ ಅರ್ಥದ್ದು. ನನ್ನನ್ನು ಕಾಪಾಡಲು ಬರೆದದ್ದು ಅಂತ ಎಲ್ಲರಿಗೂ ಗೊತ್ತಿತ್ತು.

"ಇದು ನಿಜ ಅಲ್ಲ ಡಾಕ್ಟ್ರೇ," ಅಂದರು ಮೇಷ್ಟ್ರು.

"ಸುಳ್ಳೂ ಅಲ್ವಲ್ಲ ಮೇಷ್ಟ್ರೇ. ಅವರು ಅಷ್ಟು ವರ್ಷ ಮಾಡಿರೋ ಕೆಲಸ. ಏನೂ ಪ್ರಯೋಜನ ಇಲ್ಲ ಅಂತ ಒಂದೇ ಏಟಿಗೆ ಬರೆಯೋದಾ?"

"ನಾನು ಬರೀತೀನಿ ಮೇಡಂ," ಅಂದೆ.

ಕೀಬೋರ್ಡ್ ನನ್ನ ಕಡೆ ಎಳೆದುಕೊಂಡು ನೀಲಿಯಲ್ಲಿ ಎರಡು ಸಾಲು ಬರೆದೆ. ನಮ್ಮ ಪಾಠದಿಂದ ವ್ಯತ್ಯಾಸವಾಗಲಿಲ್ಲ. ನಾವು ಕಲಿಸಿದ್ದು ಬೇರೆಯವರಿಗೆ.

ಫಿಸಿಯೋ, "ಸೂಪರ್ ಅಕ್ಕಾ," ಅಂದ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಮೇಷ್ಟ್ರು ಬಗ್ಗಿ ಓದಿ, ಪೆನ್ಸಿಲಿನಿಂದ ಕಂಪ್ಯೂಟರಿನ ಪರದೆಯ ಮೇಲೆ ಎರಡನೆಯ ಸಾಲನ್ನು ತಟ್ಟಿದರು.

"ಮೊದಲನೇದು ಸರಿ. ಎರಡನೇದು ನೀವು ಎಣಿಸಿಲ್ಲ. ಕೆಲವು ಮನೆ ನೋಡಿದೀರಿ, ಅಷ್ಟೇ. 'ಇರಬಹುದು' ಅಂತ ಹಾಕಿ."

"ನಾನು ಕಣ್ಣಾರೆ ನೋಡಿದೀನಿ ಸಾರ್!"

"ನೋಡಿದೀರಿ. ಅದಕ್ಕೇ 'ಇರಬಹುದು.' ಇಲ್ದಿದ್ರೆ ಅದೂ ಹಾಕೋ ಹಾಗಿರಲಿಲ್ಲ."

ಡಾಕ್ಟರಮ್ಮ ಮೊದಲು ನಕ್ಕರು, ಆಮೇಲೆ ನಾನು. ಮೇಷ್ಟ್ರಿಗೆ ನಗು ಯಾಕೆ ಅಂತ ಅರ್ಥವಾಗಲಿಲ್ಲ. 'ಇರಬಹುದು' ಸೇರಿಸಿದೆ.

ಮೊದಲು ಕಳಿಸಿದ ಪತ್ರಿಕೆಯವರು ಇದರಲ್ಲಿ ಹೊಸದೇನಿಲ್ಲ ಅಂತ ವಾಪಸ್ ಕಳಿಸಿದರು. ಫಿಸಿಯೋ ಒಂದು ವಾರ ಅವರನ್ನು ಬೈದ. ಎರಡನೆಯದು ನರ್ಸಿಂಗ್ ಪತ್ರಿಕೆ. ಅವರು ಸಾಕಷ್ಟು ಪ್ರಶ್ನೆ ಕೇಳಿದರು, ತಿದ್ದಿಸಿದರು, ಕೊನೆಗೆ ಒಪ್ಪಿಕೊಂಡರು. ಹೆಸರುಗಳನ್ನು ಯಾವ ಕ್ರಮದಲ್ಲಿ ಹಾಕಬೇಕು ಅಂತ ಬಂದಾಗ ಡಾಕ್ಟರಮ್ಮ ನನ್ನ ಹೆಸರನ್ನು ಮೊದಲು ಟೈಪ್ ಮಾಡಿ, "ಆಕ್ಷೇಪಣೆ ಇದ್ಯಾ?" ಅಂದರು. ಮೇಷ್ಟ್ರು, "ಇದ್ರಲ್ಲಿ ಲೆಕ್ಕ ಹಾಕೋದೇನಿದೆ?" ಅಂದರು. ಅವತ್ತು ನಾಲ್ವರೂ ಗಾಂಧಿ ಬಜಾರಿನಲ್ಲಿ ನಿಂತು ಜಾಗಕ್ಕೆ ಕಾದು ಮಸಾಲೆ ದೋಸೆ ತಿಂದೆವು. ಅಚ್ಚಾಗಿ ಬಂದ ಪುಟವನ್ನು ಅಪ್ಪನಿಗೆ ತೋರಿಸಲು ಅವರಿರಲಿಲ್ಲ. ಅಮ್ಮನಿಗೆ ತೋರಿಸಿದೆ. ಇಂಗ್ಲಿಷ್ ಬಾರದ ಅಮ್ಮ ನನ್ನ ಹೆಸರು ಯಾವುದು ಅಂತ ಕೇಳಿ ತಿಳಿದುಕೊಂಡು, ಬೆರಳಿನಿಂದ ಆ ಜಾಗವನ್ನು ಸವರಿದರು.

*

ವಾರ್ಡಿನಲ್ಲಿ ಪದ್ಧತಿ ಬದಲಾಯಿತು. ರೋಗಿ ಬಂದು ಸೇರಿದ ಮೇಲೆ ಮನೆಯವರನ್ನು ನಾವು ಮೊದಲು ಕೇಳುತ್ತಿದ್ದದ್ದು, ಮನೆಗೆ ಹೋದ ಮೇಲೆ ಮಗ್ಗುಲು ಬದಲಿಸುವವರು ಯಾರು ಅಂತ. ಅವರನ್ನೇ ಕಳಿಸಿ, ಯಾವ ಹೊತ್ತಿಗಾದರೂ ಬರಲಿ ಅನ್ನುತ್ತಿದ್ದೆವು. ಮನೆಕೆಲಸ ಮುಗಿಸಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೆಂಗಸರು ಬರುತ್ತಿದ್ದರು. ಆಸ್ಪತ್ರೆಯೊಳಗೆ ತಮ್ಮನ್ನು ಯಾರೋ ಹೆಸರು ಹಿಡಿದು ಕರೆದರಲ್ಲ ಅಂತ ಅವರಿಗೆ ಅಚ್ಚರಿ. ಒಂದು ದಿನದಲ್ಲಿ ಮುಗಿಸದೆ, ಅವರ ಕೈಯಿಂದಲೇ ಮಾಡಿಸಿ, ಸರಿಯಾಗುವವರೆಗೆ ಬರಹೇಳುತ್ತಿದ್ದೆವು. ಕೆಳಗಿನ ವಾರ್ಡಿನವರೂ ಶುರುಮಾಡಿದರು.

ಹಾಗೆ ಒಂದು ಸಂಜೆ ಮೇಲಿನ ವಾರ್ಡಿಗೆ ಮೇಷ್ಟ್ರು ಬಂದರು. ಹಿಂದಿನ ದಿನ ಅವರ ಹೆಂಡತಿಗೆ ಸ್ಟ್ರೋಕ್ ಆಗಿತ್ತು. ಆಕೆಯನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ. ಮಲ್ಲೇಶ್ವರದ ಮನೆಯಲ್ಲಿ ಗಂಡನನ್ನು ಛೇಡಿಸುತ್ತ ಹೆಸರುಬೇಳೆ ಪಾಯಸ ಬಡಿಸಿದ್ದರು. ಈಗ ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು.

"ಮನೇಲಿ ಯಾರು ನೋಡ್ಕೋತಾರೆ ಸಾರ್?" ಅಂತ ಕೇಳಬೇಕಾಯಿತು. ಆ ಪ್ರಶ್ನೆಯನ್ನು ಅವರಿಗೆ ಕೇಳುವುದು ಎಷ್ಟು ಕಷ್ಟವಾಯಿತು ಅಂದರೆ ನಾನು ಹಾಸಿಗೆಯ ಹೊದಿಕೆ ಸರಿಮಾಡುತ್ತ ಕೇಳಿದೆ.

"ನಾನೇ ಅಮ್ಮ. ಮಗಳು ಬಂದುಹೋಗ್ತಾಳೆ. ಆದ್ರೆ ನಾನೇ."

ಮಾರನೆಯ ದಿನದಿಂದ ಕಲಿಯಲು ಬಂದರು. ಲೆಕ್ಕದಲ್ಲಿ ಅಷ್ಟು ಚುರುಕಾದ ಮನುಷ್ಯನಿಗೆ ಕೈ ಬಗ್ಗುತ್ತಿರಲಿಲ್ಲ. ಹೆಂಡತಿಯ ಮೈ ಮುಟ್ಟಲು ನಾವೆಲ್ಲ ಎದುರಿಗಿದ್ದೇವೆ ಅಂತ ನಾಚಿಕೆ ಬೇರೆ. ಭುಜದ ಮೇಲೆ ಕೈ ಇಟ್ಟರೆ ಸೊಂಟ ಬಿಡುತ್ತಿದ್ದರು, ಸೊಂಟ ಹಿಡಿದರೆ ದಿಂಬು ಬೀಳುತ್ತಿತ್ತು. ಫಿಸಿಯೋ ಎದುರಿಗೆ ನಿಂತು ಹೇಳುತ್ತಿದ್ದ, ನಾನು ಹಿಂದೆ ನಿಂತು ಅವರ ಕೈ ಹಿಡಿದು ಇಡುತ್ತಿದ್ದೆ. ಒಂದು ಸಲ ದಿಂಬು ಕೆಳಗೆ ಬಿದ್ದಾಗ ಮಲಗಿದ್ದಲ್ಲಿಂದ ಆಕೆ ನಕ್ಕರು. ತುಟಿಯ ಅರ್ಧದಲ್ಲಿ ನಗು. ತೊದಲುತ್ತಲೇ, "ಫೇ... ಲು," ಅಂದರು. ಮೇಷ್ಟ್ರು ಬಗ್ಗಿ ದಿಂಬು ಎತ್ತಿಕೊಂಡು ಹಾಗೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು. ನಾನು ಪರದೆಯಾಚೆ ಹೋಗಿ ನಿಂತೆ.

ಆಕೆ ಆಮೇಲೆ ಕೆಲವು ವರ್ಷ ಇದ್ದರು. ಎದ್ದು ಓಡಾಡುವಂತಾಗಲಿಲ್ಲ. ಡಾಕ್ಟರಮ್ಮ ಆಗಾಗ ಹೋಗಿ ನೋಡುತ್ತಿದ್ದರು, ಫಿಸಿಯೋ ವ್ಯಾಯಾಮ ಮಾಡಿಸಲು ತಪ್ಪದೆ ಹೋಗುತ್ತಿದ್ದ. ಶನಿವಾರದ ಸಭೆ ಬಸವನಗುಡಿಯಿಂದ ಮಲ್ಲೇಶ್ವರಕ್ಕೆ, ಆಕೆಯ ಮಂಚದ ಪಕ್ಕಕ್ಕೆ ಬಂತು. ಎರಡನೆಯ ಪೇಪರ್ ಬರೆಯುತ್ತೇವೆ ಅಂತಲೇ ಕೂರುತ್ತಿದ್ದೆವು. ಅದು ಪೂರ್ತಿಯಾಗಲಿಲ್ಲ. ಮಾತು ಬೇರೆ ಕಡೆ ಹೋಗುತ್ತಿತ್ತು. ಆಕೆಗೆ ನಮ್ಮ ಜಗಳ ಕೇಳುವುದು ಇಷ್ಟ. ಮಾತಿನ ನಡುವೆ ಮೇಷ್ಟ್ರು ಗೋಡೆಯ ಗಡಿಯಾರ ನೋಡಿ ಎದ್ದು, ಒಂದು ಮಾತೂ ಆಡದೆ ಆಕೆಯನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳಿಸಿ, ದಿಂಬು ಸೇರಿಸಿ, ಸೀರೆ ಸರಿಮಾಡಿ, ಮತ್ತೆ ಬಂದು ಬಿಟ್ಟ ಮಾತು ಮುಂದುವರಿಸುತ್ತಿದ್ದರು. ಕೈಗಳು ಪಳಗಿದ್ದವು. ಕೊನೆಯವರೆಗೂ ಆಕೆಯ ಮೈಯಲ್ಲಿ ಒಂದು ಗಾಯವೂ ಆಗಲಿಲ್ಲ.

ಆಕೆಯ ವೈಕುಂಠ ಸಮಾರಾಧನೆಯ ದಿನ ನಾಲ್ವರೂ ಒಟ್ಟಿಗೆ ಪಂಕ್ತಿಯಲ್ಲಿ ಕೂತು ಊಟ ಮಾಡಿದೆವು. ನಾವೆಲ್ಲ ಒಂದೇ ಕಡೆ ಸೇರಿದ್ದು ಅದೇ ಕೊನೆ. ಡಾಕ್ಟರಮ್ಮ ಈಗ ಮೈಸೂರಿನಲ್ಲಿ ತಂಗಿಯ ಜೊತೆ ಇದ್ದಾರೆ. ಬೆಕ್ಕುಗಳ ವಿಷಯ ಹೇಳಲು ಫೋನ್ ಮಾಡುತ್ತಾರೆ. ಫಿಸಿಯೋ ಶ್ರೀರಾಂಪುರದಲ್ಲೇ ಕ್ಲಿನಿಕ್ ಇಟ್ಟಿದ್ದಾನೆ. ತಲೆ ನರೆತಿದೆ, ಮಾತು ಮಾತ್ರ ಅಷ್ಟೇ. ನಾನು ನಿವೃತ್ತಳಾದೆ.

ಮೇಷ್ಟ್ರ ಮನೆಗೆ ಈಗಲೂ ಆಗಾಗ ಹೋಗುತ್ತೇನೆ. ಮೆಟ್ರೋ ಇಳಿದು ಸಂಪಿಗೆ ರಸ್ತೆಯಲ್ಲಿ ನಡೆದು ಹೋಗುವಷ್ಟರಲ್ಲಿ ಮೊಣಕಾಲು ನೋಯುತ್ತದೆ. ಅವರು ಈಗ ಕಾಫಿಯನ್ನು ತಾವೇ ಮಾಡುತ್ತಾರೆ, ಸಕ್ಕರೆ ಜಾಸ್ತಿ. ಹೋದ ತಿಂಗಳು ಹೋದಾಗ ಅವರ ಪಕ್ಕದ ಮನೆಯ ಹೆಂಗಸೊಬ್ಬರು ಬಂದಿದ್ದರು. ಆಕೆಯ ಅತ್ತೆ ಹಾಸಿಗೆ ಹಿಡಿದಿದ್ದಾರಂತೆ. ಮೇಷ್ಟ್ರು ನನಗೆ ಕಾಫಿ ಕೊಟ್ಟು, "ಕೂತಿರಿ ಅಮ್ಮ, ಈಗ ಬಂದೆ," ಅಂದು ಅಂಗಿಯ ತೋಳು ಮಡಿಸಿಕೊಳ್ಳುತ್ತ ಆಕೆಯ ಹಿಂದೆ ಹೋದರು. ಕಾಂಪೌಂಡಿನಾಚೆಯ ಕಿಟಕಿಯಿಂದ ಅವರ ದನಿ ಕೇಳುತ್ತಿತ್ತು: "ಎಳೀಬೇಡಿ ಅಮ್ಮ, ಎಳೀಬೇಡಿ. ನೀವು ಹಿಂದಕ್ಕೆ ವಾಲಿ." ನಾನು ಕಾಫಿ ಕುಡಿಯುತ್ತ ಕೂತಿದ್ದೆ.